ರಜೆಯಲ್ಲಿ ಪಂಪ್ ರಿಪೇರಿ ಕಲಿಯಬಹುದೇ?

ಪ್ರಶ್ನೆ: ಮಗನಿಗೆ 15 ವರ್ಷ, ಒಂಬತ್ತನೇ ತರಗತಿ ಮುಗಿಸಿದ್ದಾನೆ. ಬೇಸಿಗೆ ರಜೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಕಳಿಸಲೇ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಕಳಿಸಿ, ಆದರೆ ಕಲಿಯಲು, ದುಡಿಯಲು ಬೇಡ. 14 ದಾಟಿದ ಮಕ್ಕಳಿಗೂ ಅಪಾಯದ ಕೆಲಸ ಕೊಡುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ ಎನ್ನುತ್ತದೆ ಕಾನೂನು. ಎರಡು ವಾರ, ದಿನಕ್ಕೆ ಮೂರು ಗಂಟೆ ಸಾಕು.

ಎಷ್ಟೋ ಹುಡುಗರ ರಜೆ ಚಹಾ ತರುವುದರಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಏನು ಕಲಿಸಬೇಕೆಂದು ಮೇಸ್ತ್ರಿಯವರ ಹತ್ತಿರ ಮೊದಲೇ ಮಾತಾಡಿ. ಬಿಚ್ಚಿಟ್ಟ ಮೋಟಾರಿನಲ್ಲಿ ಸವೆದ ಬೇರಿಂಗ್, ಸುಟ್ಟ ವೈಂಡಿಂಗ್ (ತಂತಿಯ ಸುರುಳಿ) ಗುರುತಿಸಲಿ. ಯಾವ ಪಂಪ್ ಏಕೆ ಕೆಟ್ಟಿತೆಂದು ದಿನಾ ಬರೆದಿಡಲಿ. ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಮಾತ್ರ ಮುಟ್ಟದಿರಲಿ, ಕರೆಂಟ್ ತೆಗೆದ ಮೇಲೂ ಅದು ಶಾಕ್ ಹೊಡೆಯಬಲ್ಲದು.

ಇಷ್ಟವಾದರೆ ಎಸ್ಸೆಸ್ಸೆಲ್ಸಿ ನಂತರ 2 ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಇದೆ. ಅದನ್ನು ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಲು ಅವಕಾಶವಿದೆ.