ಬೋರ್ಡ್ ಸಪೋರ್ಟ್ ಒಮ್ಮೆ ಕರ್ನಲ್‌ಗೆ ಸೇರಿದರೆ ಕೆಲಸ ಮುಗೀತಾ?

ನೀವು ಕೇಳಿದ್ದು ಎರಡು. ಪಿಸಿಗೆ ಬೇಡದ ಡಿವೈಸ್ ಟ್ರೀ ಫೈಲ್ (ಯಾವ ಹಾರ್ಡ್‌ವೇರ್ ಎಲ್ಲಿದೆ ಅಂತ ಕರ್ನಲ್‌ಗೆ ಹೇಳುವ ವಿವರಣೆ) ಏಆರ್‌ಎಂ ಪ್ರೊಸೆಸರ್ ಇರುವ ಬೋರ್ಡ್‌ಗಳಿಗೆ ಯಾಕೆ ಬೇಕು? ಒಮ್ಮೆ ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಸೇರಿದ ಮೇಲೆ ಅದನ್ನು ನೋಡಿಕೊಳ್ಳೋದು ಏನಿರುತ್ತೆ? ನಾನು ಒಂದು ಸಣ್ಣ ಬೋರ್ಡಿನ ಫೈಲ್‌ಗಳನ್ನು ನೋಡಿಕೊಳ್ಳುತ್ತೇನೆ, ಆ ಅನುಭವದಿಂದ ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಪಿಸಿಐ, ಯುಎಸ್‌ಬಿ ಸಾಧನಗಳನ್ನು ಕೇಳಿದರೆ ತಾವು ಯಾರು ಅಂತ ಹೇಳುತ್ತವೆ. ಪಿಸಿಯಲ್ಲಿ ಉಳಿದದ್ದನ್ನು ಎಸಿಪಿಐ, ಅಂದರೆ ಫರ್ಮ್‌ವೇರ್ ಕೊಡುವ ಹಾರ್ಡ್‌ವೇರ್ ಪಟ್ಟಿ, ತಿಳಿಸುತ್ತದೆ. ಬೋರ್ಡಿನಲ್ಲಿ ಐ2ಸಿ ಅನ್ನೋ ಎರಡು ತಂತಿಯ ಸಂಪರ್ಕಕ್ಕೆ ಜೋಡಿಸಿದ ಸೆನ್ಸರ್ ಹಾಗೆ ಹೇಳುವುದಿಲ್ಲ. ಯಾವ ಅಡ್ರೆಸ್, ಯಾವ ಇಂಟರಪ್ಟ್, ಯಾವ ಕ್ಲಾಕ್ ಅಂತ ಯಾರಾದರೂ ಬರೆದಿಡಬೇಕು. ಹಿಂದೆ ಇದನ್ನು ಪ್ರತಿ ಬೋರ್ಡಿಗೂ ಸಿ ಕೋಡ್‌ನಲ್ಲೇ ಬರೆಯುತ್ತಿದ್ದರು. ಆ ರಾಶಿ ನೋಡಿ 2011ರಲ್ಲಿ ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಎಲ್ಲರೆದುರೇ ಸಿಟ್ಟಾದರು. ಆಮೇಲೆ ಏಆರ್‌ಎಂನವರು ಬೇಗ ಬೇಗ ಡಿವೈಸ್ ಟ್ರೀಗೆ ಬಂದರು.

ಎರಡನೆಯದೇ ನನ್ನ ನಿಜವಾದ ಕೆಲಸ. ಬೋರ್ಡ್ ಬದಲಾಗುವುದಿಲ್ಲ, ನಿಜ. ಆದರೆ ಒಂಬತ್ತು-ಹತ್ತು ವಾರಕ್ಕೊಂದು ಹೊಸ ಕರ್ನಲ್ ಬರುತ್ತದೆ. ಹಳೆಯ ಡಿಟಿಬಿ (ಕಂಪೈಲ್ ಮಾಡಿದ ಡಿವೈಸ್ ಟ್ರೀ) ಎಷ್ಟೋ ಸಲ ಬೋರ್ಡಿನ ಫ್ಲ್ಯಾಶ್‌ನಲ್ಲೇ ಇರುತ್ತದೆ. ಜನ ಕರ್ನಲ್ ಮಾತ್ರ ಅಪ್‌ಡೇಟ್ ಮಾಡುತ್ತಾರೆ. ಆಗಲೂ ಬೋರ್ಡ್ ಬೂಟ್ ಆಗಬೇಕು. ಅದಕ್ಕೇ ಡ್ರೈವರ್‌ಗೆ ಇವತ್ತು ಏನು ಬೇಕು ಅಂತ ನೋಡಿ ಬರೆಯಬಾರದು, ಹಾರ್ಡ್‌ವೇರ್ ಹೇಗಿದೆಯೋ ಹಾಗೇ ಬರೆಯಬೇಕು. ಯು-ಬೂಟ್ ಅನ್ನೋ ಬೂಟ್‌ಲೋಡರ್, ಫ್ರೀಬಿಎಸ್‌ಡಿ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಂ ಕೂಡ ಇದೇ ವಿವರಣೆಗಳನ್ನು ಬಳಸುತ್ತವೆ ಅನ್ನೋದನ್ನು ಮರೆಯಬೇಡಿ.

ಸಾಧನ ಯಾವುದು ಅಂತ ಡ್ರೈವರ್‌ಗೆ ಹೇಳುವ 'ಕಂಪ್ಯಾಟಿಬಲ್' ಸಾಲನ್ನೇ ನೋಡಿ. ಚಿಪ್‌ನ ಪೂರ್ತಿ ಹೆಸರು ಮೊದಲು, ಅದಕ್ಕೆ ಹೊಂದುವ ಹಳೆಯ ಚಿಪ್‌ನ ಹೆಸರು ಆಮೇಲೆ. ಇಡೀ ಸರಣಿಗೆ ಸೇರಿಸಿ ಕೊನೆಯ ಅಂಕಿಯ ಜಾಗದಲ್ಲಿ 'ಎಕ್ಸ್' ಹಾಕಿದರೆ ರಿವ್ಯೂನಲ್ಲಿ ವಾಪಸ್ ಬರುತ್ತದೆ. ಕಿರಿಕಿರಿ ಅನ್ನಿಸುತ್ತೆ, ಆದರೆ ನಾನು ಈ ನಿಯಮದ ಪರ. ಅದೇ ಸರಣಿಯ ಮುಂದಿನ ಚಿಪ್‌ನಲ್ಲಿ ರಿಜಿಸ್ಟರ್‌ಗಳು ಬೇರೆ ಥರ ಇದ್ದರೆ ಡ್ರೈವರ್ ಗುರುತು ಹಿಡಿಯುವುದು ಹೇಗೆ? ಈಗ ಬೈಂಡಿಂಗ್‌ಗಳನ್ನು, ಅಂದರೆ ಯಾವ ಸಾಧನವನ್ನು ಹೇಗೆ ವಿವರಿಸಬೇಕು ಅನ್ನೋ ನಿಯಮಗಳನ್ನು, ಯಾಮಲ್ ಸ್ಕೀಮಾದಲ್ಲಿ (ಕಂಪ್ಯೂಟರೇ ಪರಿಶೀಲಿಸಬಲ್ಲ ರೂಪದಲ್ಲಿ) ಬರೆಯುತ್ತೇವೆ. 'ಮೇಕ್ ಡಿಟಿಬಿಎಸ್_ಚೆಕ್' ಓಡಿಸಿದರೆ ಜಾಸ್ತಿ ತಪ್ಪುಗಳು ಅಲ್ಲೇ ಸಿಗುತ್ತವೆ.

ಸ್ಕೀಮಾಗೆ ಸಿಗದ್ದೂ ಇದೆ. ವೋಲ್ಟೇಜ್ ತಪ್ಪಾಗಿದ್ದರೂ ಫೈಲ್ ಪಾಸ್ ಆಗಬಹುದು. ಅದು ಗೊತ್ತಾಗೋದು ಬೋರ್ಡ್ ಕೈಯಲ್ಲಿ ಇರುವವರಿಗೆ ಮಾತ್ರ. ಹಾಗೆ ಟೆಸ್ಟ್ ಮಾಡಿ ನೋಡಿಕೊಳ್ಳುವವರು ಇಲ್ಲವಾದರೆ ಸಪೋರ್ಟ್ ಉಳಿಯುವುದಿಲ್ಲ. ಇಟಾನಿಯಂನಂಥ ದೊಡ್ಡ ಪ್ರೊಸೆಸರ್ ಕುಟುಂಬದ ಸಪೋರ್ಟನ್ನೇ ಕರ್ನಲ್ 6.7ರಲ್ಲಿ ತೆಗೆದರು, ಅದು ಬಿಡುಗಡೆಯಾದದ್ದು 2024ರ ಜನವರಿಯಲ್ಲಿ.

ನಿಮ್ಮ ಹತ್ತಿರ ಹಳೆಯ ಬೋರ್ಡ್ ಇದ್ದರೆ, ಪ್ರತಿ ಸಲ ಆರ್‌ಸಿ1 (ಹೊಸ ಕರ್ನಲ್‌ನ ಮೊದಲ ಪರೀಕ್ಷಾ ಆವೃತ್ತಿ) ಬಂದಾಗ ಬೂಟ್ ಮಾಡಿ ನೋಡಿ. ಏನಾದರೂ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಮಾಡಿ, ಅಂದರೆ ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕಿ. 'ಗೆಟ್_ಮೇಂಟೇನರ್' ಸ್ಕ್ರಿಪ್ಟ್ ಯಾರ ಹೆಸರು ತೋರಿಸುತ್ತೋ ಅವರಿಗೆ ಬರೆಯಿರಿ. ಅದಕ್ಕೆ ಕೋಡ್ ಬರೆಯಲು ಬರಲೇಬೇಕು ಅಂತೇನಿಲ್ಲ.