ಕ್ಲಬ್ ಇರುವ ದಿನ ಮಾತ್ರ ಬರುತ್ತಿದ್ದ ಹೊಟ್ಟೆನೋವು

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಒಂದು ಕನ್ನಡ ಕುಟುಂಬ ಆಪ್ತಸಲಹೆಗೆ ನನ್ನ ಬಳಿ ಬಂದ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಗನಿಗೆ 15 ವರ್ಷ, ಹತ್ತನೇ ತರಗತಿ. ಮೈಸೂರಿನಿಂದ ಹೋಗಿ ಎರಡು ವರ್ಷವಾಗಿತ್ತು.

ವಿಡಿಯೋ ಕರೆಯಲ್ಲಿ ಮೊದಲು ಮಾತಾಡಿದ್ದು ತಾಯಿ. "ಮೇಡಂ, ಕ್ಲಬ್ ಇರೋ ದಿನ ಬೆಳಿಗ್ಗೆ ಹೊಟ್ಟೆನೋವು ಅಂತಾನೆ. ಡಾಕ್ಟರ್ ಹತ್ರ ತೋರಿಸಿದ್ವಿ, ಏನೂ ಇಲ್ಲ ಅಂದ್ರು."

ಆ ಕ್ಲಬ್ ಡೆಕಾ. ಮಕ್ಕಳಿಗೆ ವ್ಯಾಪಾರ, ವ್ಯವಹಾರ ಕಲಿಸುವ, 1946ರಲ್ಲಿ ಶುರುವಾದ ಸಂಸ್ಥೆ. ಇದಕ್ಕೆ ಅಲ್ಲಿನ ಹೈಸ್ಕೂಲುಗಳಲ್ಲಿ ದೊಡ್ಡ ಹೆಸರು. ಮಾರ್ಕೆಟಿಂಗ್, ಹಣಕಾಸು, ಹೋಟೆಲ್, ಆಡಳಿತ ಹೀಗೆ ಹಲವು ವಿಷಯಗಳಲ್ಲಿ ಮಕ್ಕಳು ಸ್ಪರ್ಧೆಗೆ ಇಳಿಯುತ್ತಾರೆ. ಕೆಳಗಿನ ಹಂತಗಳಲ್ಲಿ ಗೆದ್ದವರಿಗೆ ವಸಂತದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ಇರುತ್ತದೆ.

ಸೇರು ಅಂದವರು ತಂದೆ. ಕಾಲೇಜಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಪಠ್ಯೇತರ ಚಟುವಟಿಕೆ ಬರೆಯಲು 10 ಜಾಗ ಇವೆ. ಅವರು ಎಕ್ಸೆಲ್‌ನಲ್ಲಿ ಹತ್ತು ಸಾಲು ಮಾಡಿಟ್ಟಿದ್ದರು. ಆರನೇ ಸಾಲಿನಲ್ಲಿ "ಡೆಕಾ, ಪದಾಧಿಕಾರಿ" ಅಂತ ಆಗಲೇ ತುಂಬಿಸಿಯೂ ಆಗಿತ್ತು. ಹುಡುಗ ಇನ್ನೂ ಎರಡು ಸಭೆಗೆ ಮಾತ್ರ ಹೋಗಿದ್ದ. ಆ ಹಾಳೆಯನ್ನು ಅವರು ನನಗೆ ತೋರಿಸಿದ್ದು ಹೆಮ್ಮೆಯಿಂದಲೇ. ಪರದೇಶದಲ್ಲಿ ಮಗನಿಗೆ ಏನೂ ತಪ್ಪಿಹೋಗಬಾರದು ಎನ್ನುವ ಕಾಳಜಿ ಅದು. ಆದರೆ ಆ ಹಾಳೆಯನ್ನು ಮಗನೂ ನೋಡಿದ್ದ.

ಆಮೇಲೆ ಹುಡುಗನ ಜೊತೆ ಒಬ್ಬನೇ ಇದ್ದಾಗ ಮಾತಾಡಿದೆ. ಶುರುವಿನಲ್ಲಿ ಎಲ್ಲದಕ್ಕೂ "ಪರವಾಗಿಲ್ಲ ಆಂಟಿ" ಅಷ್ಟೇ. ನಿಧಾನಕ್ಕೆ ಬಾಯಿ ಬಿಟ್ಟ. ಎರಡನೇ ಸಭೆಯಲ್ಲಿ ಪದಾಧಿಕಾರಿಗಳ ಆಯ್ಕೆಗೆ ಹೆಸರು ಕೊಡಿ ಅಂದರಂತೆ. ಬ್ಲೇಜರ್ ಹಾಕಿಕೊಂಡ ದೊಡ್ಡ ಮಕ್ಕಳು ಪಟಪಟ ಅಂತ ಭಾಷಣ ಮಾಡಿದರಂತೆ. "ನಾನು ಮಾತಾಡಿದ್ರೆ ಒಂದೇ ಸಲಕ್ಕೆ ಯಾರಿಗೂ ಅರ್ಥ ಆಗಲ್ಲ. ಎರಡು ಸಲ ಹೇಳಬೇಕು" ಅಂದ.

ಬೇಸಿಗೆ ರಜೆಯಲ್ಲಿ ಏನು ಮಾಡ್ತಿದ್ದೆ ಅಂತ ಸುಮ್ನೆ ಕೇಳಿದೆ. ಮೈಸೂರಲ್ಲಿ ತಾತನ ದಿನಸಿ ಅಂಗಡಿಯಲ್ಲಿ ಕೂರ್ತಿದ್ದೆ ಅಂದ. ಅಲ್ಲಿಂದ ಮುಂದೆ ನಾನು ಪ್ರಶ್ನೆಯನ್ನೇ ಕೇಳಬೇಕಾಗಲಿಲ್ಲ. ಸಾಲದ ಪುಸ್ತಕದಲ್ಲಿ ಯಾರ ಬಾಕಿ ಎಷ್ಟು, ಯಾರನ್ನು ಕೇಳಬಹುದು, ಯಾರನ್ನು ಕೇಳಿದರೆ ಬೇಜಾರಾಗುತ್ತಾರೆ, ಎಲ್ಲ ಹೇಳಿದ. ಒಮ್ಮೆ ಒಬ್ಬರು ಅಕ್ಕಿಯಲ್ಲಿ ಹುಳ ಇದೆ ಅಂತ ಚೀಲ ತಂದು ಮೇಜಿನ ಮೇಲೆ ಇಟ್ಟರಂತೆ. ತಾತ ವಾದ ಮಾಡಲಿಲ್ಲ. ಮೊದಲು ಕೂರಿಸಿ ನೀರು ಕೊಟ್ಟು, ಬೇರೆ ಅಕ್ಕಿ ಅಳೆದರು, ಆಮೇಲೆ ಮಾತಾಡಿದರು. "ಅವರು ಆಮೇಲೂ ನಮ್ಮ ಅಂಗಡಿಗೇ ಬರ್ತಿದ್ರು" ಅಂದ.

ಡೆಕಾದ ರೋಲ್‌ಪ್ಲೇಯಲ್ಲಿ, ಅಂದರೆ ಪಾತ್ರ ವಹಿಸಿ ಮಾತಾಡುವ ಸ್ಪರ್ಧೆಯಲ್ಲಿ, ಕೇಳುವುದು ಇಂಥದ್ದನ್ನೇ. ಒಂದು ವ್ಯವಹಾರದ ಸನ್ನಿವೇಶ ಬರೆದ ಹಾಳೆ ಕೊಡುತ್ತಾರೆ. ಒಬ್ಬರೇ ಇಳಿಯುವ ಸ್ಪರ್ಧೆಯಾದರೆ ತಯಾರಿಗೆ 10 ನಿಮಿಷ, ಒಬ್ಬ ತೀರ್ಪುಗಾರರ ಎದುರು ಮಾತಾಡಲು 10 ನಿಮಿಷ. ಯಾವ ಅಂಶಗಳಿಗೆ ಅಂಕ ಎನ್ನುವುದೂ ಆ ಹಾಳೆಯಲ್ಲೇ ಇರುತ್ತದೆ. ಜೊತೆಗೆ 100 ಪ್ರಶ್ನೆಗಳ ಬಹು ಆಯ್ಕೆಯ ಪರೀಕ್ಷೆ. ಸಭಿಕರ ಮುಂದೆ ಭಾಷಣ ಇಲ್ಲ. ಸಂಕೋಚದ ಮಕ್ಕಳಿಗೆ ಇದು ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ, ಯಾಕೆಂದರೆ ಏನು ಮಾತಾಡಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ. ಮೊದಲ ವರ್ಷದ ಸದಸ್ಯರಿಗೆಂದೇ 'ಪ್ರಿನ್ಸಿಪಲ್ಸ್' ಎಂಬ ವಿಭಾಗವೂ ಇದೆ. ಇದ್ಯಾವುದೂ ಹುಡುಗನ ಕಿವಿಗೆ ಬಿದ್ದಿರಲಿಲ್ಲ. ಅವನ ಪಾಲಿಗೆ ಕ್ಲಬ್ ಅಂದರೆ ಚುನಾವಣೆ ಮತ್ತು ಬ್ಲೇಜರ್.

ಅವನಿಗೆ ಹೇಳಿದ್ದು ಇಷ್ಟು. ಈ ವರ್ಷ ಯಾವ ಹುದ್ದೆಗೂ ನಿಲ್ಲಬೇಡ. ಪ್ರಿನ್ಸಿಪಲ್ಸ್ ವಿಭಾಗದಲ್ಲಿ ಮಾರ್ಕೆಟಿಂಗ್ ತಗೋ. ವಾರಕ್ಕೆ ಒಂದು ಹಳೆಯ ಸನ್ನಿವೇಶ ಹಿಡಿದು ಗಡಿಯಾರ ಇಟ್ಟು ಅಭ್ಯಾಸ ಮಾಡು. ಮೊದಲು ಕನ್ನಡದಲ್ಲಿ ಮಾಡು, ವಿಷಯ ಕೈಗೆ ಸಿಕ್ಕಮೇಲೆ ಇಂಗ್ಲಿಷಿನಲ್ಲಿ. ಉಚ್ಚಾರಣೆ ಬದಲಿಸಲು ಒದ್ದಾಡಬೇಡ, ಸ್ವಲ್ಪ ನಿಧಾನ ಮಾಡು, ಸಾಕು. ಜಿಲ್ಲಾ ಸ್ಪರ್ಧೆ ಮುಗಿದ ಮೇಲೂ ಬೇಡ ಅನಿಸಿದರೆ ಬಿಡಬಹುದು. ಬಿಡಬಹುದು ಅನ್ನೋದನ್ನು ತಂದೆ ಬಾಯಿಂದಲೇ ಹೇಳಿಸಿದೆ. ಆ ಮಾತು ಕೇಳಿ ಹುಡುಗ ಕುರ್ಚಿಗೆ ಒರಗಿ ಕೂತ.

ತಾಯಿಗೆ ತೀರ್ಪುಗಾರರ ಪಾತ್ರ. ಅಭ್ಯಾಸ ಮುಗಿದ ತಕ್ಷಣ ತಪ್ಪು ಪಟ್ಟಿ ಮಾಡಬೇಡಿ, "ಈ ಗಿರಾಕಿ ಮತ್ತೆ ಬರ್ತಾರಾ?" ಅಂತ ಅವನನ್ನೇ ಕೇಳಿ ಅಂದೆ. ಬ್ಲೇಜರ್, ಪ್ರಯಾಣದ ಖರ್ಚಿನ ಬಗ್ಗೆ ಕ್ಲಬ್ಬಿನ ಉಸ್ತುವಾರಿ ಶಿಕ್ಷಕರನ್ನು ಮೊದಲೇ ವಿಚಾರಿಸಲು ಹೇಳಿದೆ. ತಂದೆಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಯಿತು: ಆರನೇ ಸಾಲು ಅಳಿಸಿ, ಈ ವರ್ಷ ಊಟದ ಹೊತ್ತಲ್ಲಿ ಕಾಲೇಜಿನ ಮಾತು ಬೇಡ. ಹುದ್ದೆಯ ಹೆಸರು ಬರೆಸಿಕೊಳ್ಳುವ ಆಸೆಗೆ ಮಗು ಬೆಳಿಗ್ಗೆ ಎದ್ದು ಹೊಟ್ಟೆ ಹಿಡಿದುಕೊಳ್ಳುವ ಹಾಗಾದರೆ ಅದು ಬಹಳ ದುಬಾರಿ. ಅವರಿಗೆ ಬೇಜಾರಾಯಿತು, ಆದರೂ ಒಪ್ಪಿದರು.

ಜಿಲ್ಲಾ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಹೊಟ್ಟೆನೋವು ಅದಕ್ಕೂ ಮುಂಚೆಯೇ ನಿಂತಿತ್ತು. ಹುಡುಗ ಕ್ಲಬ್ ಬಿಡಲಿಲ್ಲ. ಶಾಲೆಯಲ್ಲಿ ತಿಂಡಿ ಮಾರುವ ಕ್ಲಬ್ಬಿನ ಪುಟ್ಟ ಅಂಗಡಿಯ ಲೆಕ್ಕ ತಾನೇ ಕೇಳಿ ತಗೊಂಡಿದ್ದಾನೆ.

ಇಂಥದೇ ತೊಂದರೆ ನಿಮ್ಮ ಮನೆಯಲ್ಲಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ನೋವು ಕ್ಲಬ್ ಇಲ್ಲದ ದಿನಗಳಿಗೂ ಹಬ್ಬಿದರೆ, ನಿದ್ದೆ ಊಟ ಕೆಟ್ಟರೆ, ಅಥವಾ ಮಗು ಶಾಲೆಗೇ ಹೋಗಲ್ಲ ಅಂದರೆ ಕ್ಲಬ್ಬಿನ ಮಾತು ಬದಿಗಿಟ್ಟು ಶಾಲೆಯ ಆಪ್ತಸಲಹೆಗಾರರನ್ನು ಅದೇ ವಾರ ಭೇಟಿ ಮಾಡಿ.