300 ಟೆಸ್ಟ್ ಪಾಸಾದರೂ ನಿಯಮದ ಶೀಟು ತಪ್ಪು ಉತ್ತರ ಕೊಡುತ್ತಿದ್ದರೆ ಎಲ್ಲಿ ಹುಡುಕಬೇಕು?

ಪ್ರಶ್ನೆ ಓದಿದೆ. ಸಹಕಾರ ಸಂಘಗಳಿಗೆ ಸಾಲದ ಸಾಫ್ಟ್‌ವೇರ್ ಮಾಡಿಕೊಡುವ ಮೈಸೂರಿನ ಕಂಪನಿಯೊಂದರಲ್ಲಿ ಟೆಸ್ಟಿಂಗ್‌ಗೆ ಸೇರಿದ್ದೀರಿ. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ 84 ಸಾಲುಗಳ ಎಕ್ಸೆಲ್ ಶೀಟಿದೆ. 300 ಟೆಸ್ಟ್ ಕೇಸ್ ಪಾಸಾಗಿವೆ, ಆದರೂ ಸಂಘಗಳಿಂದ ದೂರು ನಿಂತಿಲ್ಲ. ನಿಯಮಗಳಲ್ಲೇ ತಪ್ಪಿದೆಯೇ ಎಂದು ಕಂಡುಹಿಡಿಯುವುದು ಹೇಗೆ ಅಂತ ಕೇಳಿದ್ದೀರಿ. ನಾನು ಮಂಡ್ಯದವನು, ಮೈಸೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ತಿಳಿದಷ್ಟು ಹೇಳುತ್ತೇನೆ.

ಆ 300 ಕೇಸುಗಳನ್ನು ಯಾವುದನ್ನು ನೋಡಿ ಬರೆದಿರಿ? ಅದೇ ಶೀಟನ್ನು ಮುಂದಿಟ್ಟುಕೊಂಡು ಸಾಲಿಗೆ ಮೂರೋ ನಾಲ್ಕೋ ಬರೆದಿದ್ದರೆ, ಕೋಡು ಶೀಟಿನ ಮಾತು ಕೇಳುತ್ತದೆ ಅನ್ನುವುದಷ್ಟೇ ರುಜುವಾತಾಗಿರುವುದು. ಶೀಟೇ ತಪ್ಪಿದ್ದರೆ ಟೆಸ್ಟೂ ಅದರ ಜೊತೆಗೇ ತಪ್ಪಿ, ಹಸಿರು ಬಣ್ಣ ತೋರಿಸಿ ಸುಮ್ಮನಾಗುತ್ತದೆ. ಶೀಟಿನಲ್ಲಿ ಇಲ್ಲವೇ ಇಲ್ಲದ ಸಾಲಿಗೆ ಟೆಸ್ಟ್ ಬರೆಯಬೇಕೆಂದು ಯಾರಿಗೆ ತಾನೇ ಹೊಳೆದೀತು? ಹಾಗಾಗಿ ಒಂದು ವಾರ ಟೆಸ್ಟ್ ಓಡಿಸುವುದನ್ನು ಬಿಟ್ಟು ಶೀಟನ್ನು ಓದಿ. ನಾನು ಪ್ರಿಂಟ್ ತೆಗೆದುಕೊಂಡು ಬೆಳಿಗ್ಗೆ ರೈಲಿನಲ್ಲಿ ಓದುತ್ತೇನೆ. ಮಂಡ್ಯದಲ್ಲಿ ಹತ್ತಿದರೆ ಸಾಮಾನ್ಯವಾಗಿ ಪಾಂಡವಪುರ ದಾಟುವಷ್ಟರಲ್ಲಿ ಒಂದು ತಪ್ಪಾದರೂ ಸಿಕ್ಕಿರುತ್ತದೆ.

ಓದುವಾಗ ಏನು ಹುಡುಕಬೇಕು ಅಂದರೆ, ಮೂರೇ ಸಾಲಿನ ಪುಟ್ಟ ಉದಾಹರಣೆ ನೋಡಿ. ಷರತ್ತುಗಳು ಮೂರು: ಅರ್ಜಿದಾರ ಸಂಘದ ಸದಸ್ಯನೇ, ಪಹಣಿ ಅವನ ಹೆಸರಿನಲ್ಲಿದೆಯೇ, ಹಳೇ ಬಾಕಿ ಇದೆಯೇ. ಮೊದಲ ಸಾಲು: ಸದಸ್ಯನಾದರೆ, ಉಳಿದದ್ದು ಏನಾದರೂ ಇರಲಿ, ಸಾಲ ಕೊಡು. ಎರಡನೇ ಸಾಲು: ಪಹಣಿ ಇದ್ದು ಬಾಕಿಯೂ ಇದ್ದರೆ ವ್ಯವಸ್ಥಾಪಕರ ಪರಿಶೀಲನೆಗೆ ಕಳಿಸು. ಮೂರನೇ ಸಾಲು: ಸದಸ್ಯನಲ್ಲ, ಪಹಣಿಯೂ ಇಲ್ಲ ಅಂದರೆ ತಿರಸ್ಕರಿಸು. ಒಂದೊಂದಾಗಿ ಓದಿದರೆ ಮೂರೂ ನ್ಯಾಯವಾಗೇ ಇವೆ. ಹೌದು-ಇಲ್ಲ ಎಂಬ ಮೂರು ಷರತ್ತಿಗೆ ಒಟ್ಟು 8 ಸಂದರ್ಭ. ಮೊದಲ ಸಾಲು ನಾಲ್ಕನ್ನು, ಉಳಿದವು ಎರಡೆರಡನ್ನು ಹಿಡಿಯುತ್ತವೆ. 4+2+2, ಒಟ್ಟು 8. ಲೆಕ್ಕ ಸರಿಹೋಯಿತು ಅಂತ ನಾನೂ ಒಂದು ಕಾಲದಲ್ಲಿ ಸಹಿ ಹಾಕಿ ಕಳಿಸುತ್ತಿದ್ದೆ.

ಸರಿಹೋಗಿಲ್ಲ. ಸದಸ್ಯ, ಪಹಣಿ ಇದೆ, ಬಾಕಿಯೂ ಇದೆ: ಇವನು ಮೊದಲ ಸಾಲಿಗೂ ಬರುತ್ತಾನೆ, ಎರಡನೆಯದಕ್ಕೂ ಬರುತ್ತಾನೆ. ಒಂದು ಕೊಡು ಅನ್ನುತ್ತದೆ, ಇನ್ನೊಂದು ತಡಿ ಅನ್ನುತ್ತದೆ. ಇತ್ತ ಸದಸ್ಯನಲ್ಲದ, ಪಹಣಿ ಇರುವ, ಒಂದು ಪೈಸೆ ಬಾಕಿ ಇಲ್ಲದ ರೈತನಿಗೆ ಯಾವ ಸಾಲೂ ಇಲ್ಲ. ಒಂದು ಕಡೆ ಎರಡು ಸಲ ಎಣಿಸಿದ್ದು ಇನ್ನೊಂದು ಕಡೆಯ ಕೊರತೆಯನ್ನು ಮುಚ್ಚಿಹಾಕಿದೆ. ಆದ್ದರಿಂದ ಮೊತ್ತ ಕೂಡಿಸಿ ನಂಬಬೇಡಿ. ಎಲ್ಲ ಸಂದರ್ಭಗಳನ್ನೂ ಸ್ಕ್ರಿಪ್ಟ್‌ನಿಂದ ಹುಟ್ಟಿಸಿ, ಪ್ರತಿಯೊಂದಕ್ಕೂ ಎಷ್ಟು ಸಾಲು ಹೊಂದುತ್ತವೆ ಎಂದು ಎಣಿಸಿ. ಸೊನ್ನೆ ಬಂದರೆ ತೂತು, ಎರಡು ಬಂದರೆ ಜಗಳ. ಸಂಖ್ಯೆ ಬರುವ ಅಂಕಣಕ್ಕೆ ಶೀಟಿನಲ್ಲಿರುವ ಪ್ರತಿಯೊಂದು ಗಡಿ, ಅದಕ್ಕಿಂತ ಒಂದು ಹೆಜ್ಜೆ ಕೆಳಗೆ, ಒಂದು ಹೆಜ್ಜೆ ಮೇಲೆ, ಇಷ್ಟು ಬೆಲೆ ಕೊಟ್ಟರೆ ಸಾಕು.

ಖಾಲಿ ಬಿಟ್ಟ ಕೋಶದ ಮೇಲೂ ಕಣ್ಣಿಡಿ. ಶೀಟಿನ ನಿಯಮ ಓದಿ ತೀರ್ಮಾನ ಕೊಡುವ ಡ್ರೂಲ್ಸ್‌ನಂಥ ಎಂಜಿನ್‌ಗಳ ಎಕ್ಸೆಲ್ ಶೀಟಿನಲ್ಲಿ ಖಾಲಿ ಅಂದರೆ 'ಈ ಷರತ್ತು ನೋಡಬೇಡ' ಎಂದರ್ಥ. ತುಂಬಲು ಮರೆತ ಕೋಶ ಊರಿಗೆಲ್ಲ ಬಾಗಿಲು ತೆರೆದಂತೆ. ಇದರ ಉಲ್ಟಾ, ಅರ್ಜಿಯಲ್ಲೇ ಜನ್ಮದಿನಾಂಕ ಇಲ್ಲ ಅಂದುಕೊಳ್ಳಿ. ವಯಸ್ಸು '60ಕ್ಕಿಂತ ಕಡಿಮೆ' ಎಂಬುದೂ ಹೊಂದುವುದಿಲ್ಲ, '60 ಅಥವಾ ಹೆಚ್ಚು' ಎಂಬುದೂ ಹೊಂದುವುದಿಲ್ಲ. ಅರ್ಜಿ ಎರಡರ ನಡುವೆ ಜಾರಿ ಕೆಳಗೆ ಬೀಳುತ್ತದೆ.

ಗಡಿಯ ತಪ್ಪುಗಳು ಹುಟ್ಟುವುದು ಬಹುಪಾಲು ನಮ್ಮ ಭಾಷೆಯಲ್ಲೇ. ಸುತ್ತೋಲೆ ಕನ್ನಡದಲ್ಲಿ ಬರುತ್ತದೆ, ಅದನ್ನು ಓದಿ ಶೀಟಿಗೆ ಚಿಹ್ನೆ ಹಾಕುವವನು ಕಂಪನಿಯಲ್ಲಿ ಕೂತಿರುತ್ತಾನೆ. '5 ಲಕ್ಷದವರೆಗೆ' ಅಂದರೆ 5 ಲಕ್ಷ ಸೇರಿತು, ಸರಿ. '5 ಲಕ್ಷದೊಳಗೆ' ಅಂದರೆ? '60 ವರ್ಷ ಮೇಲ್ಪಟ್ಟವರು' ಅಂದರೆ 60 ತುಂಬಿದವರೋ, 61 ಆದವರೋ? '3ರಿಂದ 5 ಲಕ್ಷ', '5ರಿಂದ 10 ಲಕ್ಷ' ಎಂದು ಎರಡು ಸಾಲಿದ್ದರೆ 5 ಲಕ್ಷ ಕೇಳಿದವನು ಯಾವ ಮನೆಯವನು? ಇಂಥ ಪದ ಕಂಡಲ್ಲೆಲ್ಲ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿ, ನಿಯಮ ಬರೆದವರಿಂದಲೇ ಉತ್ತರ ಬರೆಸಿಕೊಳ್ಳುತ್ತೇನೆ. ಡೆವಲಪರ್‌ನ ಊಹೆಯನ್ನು ಒಪ್ಪಿಕೊಳ್ಳುವುದಿಲ್ಲ, ಅವನು ಎಷ್ಟೇ ಬುದ್ಧಿವಂತನಿರಲಿ.

ಇದನ್ನು ನನಗೆ ಕಲಿಸಿದ್ದು ಕಬ್ಬು. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕಬ್ಬು ಸರಬರಾಜಾಗಿ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಬೇಕು, ಇದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ನಾವು ಕೋಷ್ಟಕ ಮಾಡಿ, ಬಣ್ಣ ಹಚ್ಚಿ, ಒಯ್ದು ತೋರಿಸಿದೆವು. ಕೇನ್ ಸೆಕ್ಷನ್‌ನ ಹಿರಿಯ ಗುಮಾಸ್ತರೊಬ್ಬರು ಕನ್ನಡಕ ಮೇಲೇರಿಸಿ, "ಅಲ್ಲ ಕಣಪ್ಪ, ಕಬ್ಬು ಇಳಿಸಿದ ದಿನಾನ ಒಂದು ಅಂತ ಎಣಿಸ್ಬೇಕಾ, ಸೊನ್ನೆ ಅಂತ ಎಣಿಸ್ಬೇಕಾ? ಅದನ್ನ ಹೇಳ್ಬುಟ್ಟು ಆಮೇಲೆ ಬಡ್ಡಿ ಲೆಕ್ಕ ಹಾಕು" ಅಂದರು. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಕೋಡಿನಲ್ಲಿ ಮಾತ್ರ ಒಂದು ಉತ್ತರ ಆಗಲೇ ಇತ್ತು, ಯಾರೂ ಕೇಳದೆಯೇ.

ಎಫ್‌ಆರ್‌ಪಿ ಲೆಕ್ಕದಲ್ಲಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕಬ್ಬಿನ ಕನಿಷ್ಠ ಬೆಲೆಯ ಲೆಕ್ಕದಲ್ಲಿ, ಇನ್ನೂ ಚೆಂದದ ಪಾಠವಿದೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಶೇ 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ 340 ರೂಪಾಯಿ. ಅದಕ್ಕಿಂತ ಪ್ರತಿ ಶೇ 0.1 ಹೆಚ್ಚಿದರೆ 3.32 ರೂಪಾಯಿ ಸೇರಿಸಬೇಕು, ಕಡಿಮೆಯಾದರೆ ಅಷ್ಟೇ ಕಳೆಯಬೇಕು. ಶೇ 9.5 ಅಥವಾ ಅದಕ್ಕಿಂತ ಕೆಳಗಿದ್ದರೆ 315.10ಕ್ಕೆ ನಿಲ್ಲಿಸಬೇಕು. ಸರಿಯಾಗಿ 9.5ರಲ್ಲಿ ಎರಡು ಸಾಲೂ ಹೊಂದುತ್ತವೆ. ಜಗಳವೇ? ಲೆಕ್ಕ ಹಾಕಿ: 10.25ರಿಂದ 9.5ಕ್ಕೆ 0.1ರ ಏಳೂವರೆ ಹೆಜ್ಜೆ, ಅದಕ್ಕೆ 24.90 ಕಳೆದರೆ 315.10. ಎರಡೂ ದಾರಿ ಒಂದೇ ಕಡೆ ಸೇರುತ್ತವೆ, ಎರಡು ಸಾಲು ಒಂದರ ಮೇಲೊಂದು ಬಿದ್ದ ಈ ಅತಿಕ್ರಮಣದಿಂದ ಯಾರಿಗೂ ನಷ್ಟವಿಲ್ಲ. ಉತ್ತರ ಬೇರೆಯಾದಾಗ ಮಾತ್ರ ತಲೆ ಕೆಡಿಸಿಕೊಳ್ಳಿ.

ಅದೇ ಕೋಷ್ಟಕಕ್ಕೆ ರಿಕವರಿಯನ್ನು 9ರಿಂದ 11ರವರೆಗೆ 0.01ರಂತೆ ಏರಿಸುತ್ತಾ ಗ್ರಾಫ್ ಹಾಕಿದೆ. ರಿಕವರಿ ಏರಿದರೆ ಬೆಲೆ ಇಳಿಯಬಾರದು, ಹೆಜ್ಜೆ ತಪ್ಪಬಾರದು, ನೋಡಬೇಕಿದ್ದದ್ದು ಇಷ್ಟೇ. 10.35ರಲ್ಲಿ 343.32 ಬರಬೇಕಿತ್ತು, 340ರಲ್ಲೇ ನಿಂತಿತ್ತು. ನಿಯಮ ಸರಿಯಾಗೇ ಇತ್ತು. ಆದರೆ ಕಂಪ್ಯೂಟರಿನ ಫ್ಲೋಟ್ ಲೆಕ್ಕದಲ್ಲಿ (ದಶಮಾಂಶಗಳನ್ನು ಸರಿಸುಮಾರಾಗಿ ಇಡುವ ಬಗೆ) 10.35ರಿಂದ 10.25 ಕಳೆದರೆ 0.1ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. 10.25ರ ಮೇಲೆ ಪೂರ್ಣ ಹೆಜ್ಜೆಗಳನ್ನಷ್ಟೇ ಎಣಿಸುತ್ತಿದ್ದ ನಮ್ಮ ಕೋಡಿನಲ್ಲಿ ಒಂದು ಹೆಜ್ಜೆಯೇ ಮಾಯ. 10 ಟನ್ ತಂದ ರೈತನಿಗೆ 332 ರೂಪಾಯಿ ಖೋತಾ. ಬಿಲ್ ಹೊರಡುವ ಮೊದಲೇ ಸಿಕ್ಕಿತು, ಪುಣ್ಯ. ಹಣದ ಲೆಕ್ಕಕ್ಕೆ ದಶಮಾಂಶವನ್ನು ಇದ್ದಂತೆಯೇ ಇಡುವ ಡೆಸಿಮಲ್ ಬಳಸಿ, ಇಲ್ಲವೇ ಎಲ್ಲವನ್ನೂ ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಿ.

ಇನ್ನು ಹಿಟ್ ಪಾಲಿಸಿ. ಎರಡು ಸಾಲು ಹೊಂದಿದರೆ ಏನು ಮಾಡಬೇಕು ಎಂದು ಎಂಜಿನ್‌ಗೆ ಹೇಳುವ ಸೂಚನೆ ಇದು. ಓಎಂಜಿ ಸಂಸ್ಥೆಯ ಡಿಎಂಎನ್ ಎಂಬ, ನಿಯಮದ ಕೋಷ್ಟಕ ಬರೆಯುವ ಮಾನದಂಡದಲ್ಲಿ ಯೂನಿಕ್, ಎನಿ, ಪ್ರಯಾರಿಟಿ, ಫಸ್ಟ್, ಕಲೆಕ್ಟ್ ಹೀಗೆ ಹಲವಿವೆ. ನಿಮ್ಮ ಶೀಟು ಮೇಲಿನಿಂದ ಕೆಳಕ್ಕೆ ಓದಿ ಮೊದಲು ಹೊಂದಿದ್ದನ್ನು ಹಿಡಿಯುತ್ತದೆ ಅನ್ನುವುದು ನನ್ನ ಅನುಮಾನ, ಅಂದರೆ ಫಸ್ಟ್. ಎಕ್ಸೆಲ್‌ನಿಂದ ಬಂದವುಗಳಲ್ಲಿ ನಾನು ನೋಡಿದವು ಬಹುತೇಕ ಹಾಗೇ. ನನಗೆ ಅದನ್ನು ಕಂಡರಾಗದು. 2023-24ರ ರಾಜ್ಯ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರಲ್ಲ, ಆಗ ಯಾರೋ ಶೀಟಿನ ತಳದಲ್ಲಿ '5 ಲಕ್ಷದವರೆಗೆ ಬಡ್ಡಿ ಇಲ್ಲ' ಎಂಬ ಸಾಲು ಸೇರಿಸಿ, ಮೇಲಿನ '3 ಲಕ್ಷಕ್ಕಿಂತ ಹೆಚ್ಚಿದ್ದರೆ ಬಡ್ಡಿ ಉಂಟು' ಎಂಬುದನ್ನು ಅಳಿಸಲಿಲ್ಲ ಅಂತಿಟ್ಟುಕೊಳ್ಳಿ. 4 ಲಕ್ಷ ಪಡೆದವನಿಗೆ ಫಸ್ಟ್ ಪಾಲಿಸಿ ಸದ್ದಿಲ್ಲದೆ ಬಡ್ಡಿ ಹಾಕುತ್ತದೆ. ಹೊಸ ಸಾಲು ಬಾವಿಯಲ್ಲಿ ಬಿದ್ದ ಕಲ್ಲು. ಅದೇ ಯೂನಿಕ್, ಅಂದರೆ ಒಂದೇ ಸಾಲು ಹೊಂದಬೇಕೆಂಬ ಪಾಲಿಸಿ, ಇದ್ದಿದ್ದರೆ ಮೊದಲ ದಿನವೇ ದೋಷ ಎಂದು ಕೂಗುತ್ತಿತ್ತು. ಡಿಎಂಎನ್ ದಾಖಲೆಯೂ ಫಸ್ಟ್ ಅನ್ನು ಒಳ್ಳೆಯ ಪದ್ಧತಿ ಎಂದು ಪರಿಗಣಿಸುವುದಿಲ್ಲ. ಪರೀಕ್ಷೆಯ ಪ್ರತಿಯಲ್ಲಾದರೂ ಪಾಲಿಸಿಯನ್ನು ಯೂನಿಕ್‌ಗೆ ಬದಲಿಸಿ ಒಮ್ಮೆ ಓಡಿಸಿ. ನಿಮ್ಮ ದೂರುಗಳಲ್ಲಿ ಅರ್ಧಕ್ಕೆ ಅಲ್ಲೇ ವಿಳಾಸ ಸಿಗಬಹುದು.

ಒಂದಕ್ಕಿಂತ ಹೆಚ್ಚು ಕೋಷ್ಟಕಗಳಿದ್ದರೆ ಅವುಗಳ ನಡುವಿನ ಪದಗಳನ್ನೂ ತಾಳೆ ನೋಡಿ. ಒಂದು 'ಸಾಧಾರಣ' ಎಂದು ಕೊಡುತ್ತದೆ, ಮುಂದಿನದು 'ಸಾಮಾನ್ಯ' ಎಂದು ಕಾಯುತ್ತಿರುತ್ತದೆ. ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಪಾಸ್.

ಸಾಧನಗಳು ಇವೆ. ಡ್ರೂಲ್ಸ್‌ನ ಡಿಎಂಎನ್ ತಪಾಸಣೆ ತೂತು, ಅತಿಕ್ರಮಣ, ಮರೆಯಾದ ಸಾಲು ಎಲ್ಲವನ್ನೂ ಪಟ್ಟಿ ಮಾಡಿಕೊಡುತ್ತದೆ. ಷರತ್ತುಗಳು ಸಂಕೀರ್ಣವಾದರೆ ಮೈಕ್ರೋಸಾಫ್ಟ್ ರಿಸರ್ಚ್‌ನ ಝಡ್3 ಎಂಬ ಸಾಲ್ವರ್‌ಗೆ 'ಈ ಎರಡು ಸಾಲು ಒಟ್ಟಿಗೆ ಹೊಂದುವ ಅರ್ಜಿ ಇದೆಯೇ' ಎಂದು ಕೇಳಬಹುದು, ಇದ್ದರೆ ಅಂಥದೊಂದು ಅರ್ಜಿಯನ್ನೇ ಮುಂದಿಡುತ್ತದೆ. ಆದರೆ ಎರಡು ಸಾಲು ಜಗಳವಾಡುತ್ತಿವೆ ಎಂದಷ್ಟೇ ಅವು ಹೇಳಬಲ್ಲವು. ಯಾವುದು ಗೆಲ್ಲಬೇಕು ಎಂದು ಹೇಳಬೇಕಾದವರು ಸಂಘದ ಕಾರ್ಯದರ್ಶಿ. ಅವರ ಬಳಿ ಹೋಗುವಾಗ 84 ಸಾಲು ಒಯ್ಯಬೇಡಿ, ಓದುವುದಿಲ್ಲ. "ಸದಸ್ಯರಲ್ಲದವರೊಬ್ಬರು, ಪಹಣಿ ಇದೆ, ಬಾಕಿ ಇಲ್ಲ, ಇವರಿಗೆ ಏನು ಮಾಡ್ತೀರಿ ಸಾರ್?" ಎಂದು ಒಬ್ಬ ಮನುಷ್ಯನನ್ನು ಮುಂದಿಟ್ಟು ಕೇಳಿ. ಅವರು "ಅಂಥವರು ಬರೋದೇ ಇಲ್ಲ ಬಿಡಿ" ಅಂದರೆ ಅದನ್ನೂ ಒಂದು ಸಾಲಾಗಿ ಬರೆದು, ಬಂದರೆ ನಿಮಗೆ ಸಂದೇಶ ಬರುವಂತೆ ಮಾಡಿಡಿ.